ಹಾವು ಕಡಿತಕ್ಕೆ ಆಮದು ಪೆಟ್ಟಿಗೆ ಬೇಕೆ?

ದಾಂಡೇಲಿಯ ಹೋಂಸ್ಟೇಗಳಲ್ಲಿ, ಜೊಯಿಡಾದ ಕಾಡಂಚಿನ ಮನೆಗಳಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಈಗೀಗ ಕಣ್ಣಿಗೆ ಬೀಳುತ್ತಿದೆ. ಹೊರದೇಶದ ಮಾಲು. ಒಳಗೆ ವಿಷ ಹೀರುವ ಪಂಪು, ಬಿಗಿಯಲು ರಬ್ಬರ್ ಪಟ್ಟಿ, ಒಂದು ಬ್ಲೇಡು, ಒಂದಿಷ್ಟು ಸ್ಪಿರಿಟ್ ಹತ್ತಿ. "ಕಸ್ಟಮ್ಸ್‌ನವರು ನೋಡಿಯೇ ಬಿಟ್ಟಿದ್ದಾರಲ್ಲ ಡಾಕ್ಟ್ರೇ" ಎಂದು ಸಮರ್ಥಿಸುವವರೂ ಇದ್ದಾರೆ.

ಕಸ್ಟಮ್ಸ್‌ನವರು ನೋಡುವುದು ಬೇರೆಯೇ. 1975ರ ಸುಂಕ ಕಾಯ್ದೆಯ ಪಟ್ಟಿಯಲ್ಲಿ ಪ್ರತಿ ಸಾಮಾನಿಗೂ ಒಂದು ಸಂಖ್ಯೆಯಿದೆ. ಸುಂಕ ಎಷ್ಟೆಂಬುದು ಅದರಿಂದ ತೀರ್ಮಾನವಾಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಹತ್ತು ಬಗೆಯ ಸಾಮಾನಿದ್ದರೆ ಯಾವ ಸಂಖ್ಯೆ? ಚಿಲ್ಲರೆ ಮಾರಾಟಕ್ಕೆಂದೇ ಜೋಡಿಸಿದ ಸೆಟ್ಟಾದರೆ, ಅದಕ್ಕೆ ಮುಖ್ಯ ಲಕ್ಷಣ ಕೊಡುವ ವಸ್ತು ಯಾವುದೋ ಅದರ ಸಂಖ್ಯೆಯೇ ಇಡೀ ಪೆಟ್ಟಿಗೆಗೆ ಎನ್ನುತ್ತದೆ ನಿಯಮ. ಪ್ರಥಮ ಚಿಕಿತ್ಸೆ ಪೆಟ್ಟಿಗೆಗಂತೂ 3006ರ ಕೆಳಗೆ ಅದರ ಹೆಸರಿನಲ್ಲೇ ಜಾಗವಿದೆ. ಆಶಾ ಕಾರ್ಯಕರ್ತೆಯರು ಬಳಸುವಂಥ ಮಲೇರಿಯಾ ಪರೀಕ್ಷಾ ಕಿಟ್‌ಗೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 2017ರಿಂದ ಪ್ರತ್ಯೇಕ ಸಂಖ್ಯೆಯಿದೆ. ನಮ್ಮ ಹಾವಿನ ಪೆಟ್ಟಿಗೆಯಲ್ಲಿ ಪಂಪೇ ಮುಖ್ಯವೆಂದರೆ ವೈದ್ಯಕೀಯ ಉಪಕರಣಗಳ 90ನೇ ಅಧ್ಯಾಯ. ಅಲ್ಲ, ಪ್ರಥಮ ಚಿಕಿತ್ಸೆಯ ಸೆಟ್ಟು ಎಂದರೆ 30ನೇ ಅಧ್ಯಾಯ. ವಾದಕ್ಕೆ ಅವಕಾಶವಿದೆ, ವಾದಿಸಲಿ. ಆದರೆ ಪಂಪು ವಿಷವನ್ನು ನಿಜವಾಗಿ ಹೊರತೆಗೆಯುತ್ತದೆಯೇ ಎಂಬ ಪ್ರಶ್ನೆ ಈ ವಾದದಲ್ಲಿ ಬರುವುದೇ ಇಲ್ಲ.

ತೆಗೆಯುವುದಿಲ್ಲ ಎಂಬುದೇ ಉತ್ತರ. 2004ರಲ್ಲಿ ಅಮೆರಿಕದ ವೈದ್ಯರು ಹುಸಿ ವಿಷ ಚುಚ್ಚಿ ಇಂಥ ಪಂಪನ್ನು ಮನುಷ್ಯರ ಮೇಲೆ ಪರೀಕ್ಷಿಸಿದ್ದರು. ರಕ್ತಮಿಶ್ರಿತ ದ್ರವ ಬಂತು, ಅದರಲ್ಲಿ ವಿಷ ಇತ್ತೆನ್ನಲೂ ಆಗದಷ್ಟು ಕಡಿಮೆ. ಇನ್ನು ಬ್ಲೇಡು ಮತ್ತು ರಬ್ಬರ್ ಪಟ್ಟಿಯಿಂದ ನೇರ ಹಾನಿಯೇ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದುತ್ತದೆ. ಅಂಥವರ ಕಾಲನ್ನು ಕೊಯ್ದರೆ ರಕ್ತ ನಿಲ್ಲದು. ಬಿಗಿದು ಕಟ್ಟಿದ ಕಾಲು ಕೊಳೆಯಬಹುದು. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಪಂಪು ಒತ್ತುತ್ತ ಕಳೆದ ಅರ್ಧ ಗಂಟೆ. ಕಟ್ಟುಹಾವಿನ ಕಡಿತದಲ್ಲಂತೂ ಗಾಯವೇ ಸರಿಯಾಗಿ ಕಾಣುವುದಿಲ್ಲ, ಪಂಪು ಇಡುವುದಾದರೂ ಎಲ್ಲಿ?

ವಿಷಕ್ಕೆ ಇರುವ ಮದ್ದು ಪ್ರತಿವಿಷವೊಂದೇ. ನಮ್ಮ ದೇಶದಲ್ಲೇ ತಯಾರಾಗುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ನಾಟುತ್ತದೆ. ಅದನ್ನೇ ತಂದು ಮನೆಯಲ್ಲಿಟ್ಟುಕೊಳ್ಳಬಹುದಲ್ಲ ಎನ್ನುವವರಿಗೆ ಹೇಳಬೇಕಾದದ್ದಿದೆ. ಇದು ಕುದುರೆಯ ರಕ್ತದಿಂದ ತಯಾರಾದದ್ದು, ಕೆಲವರಿಗೆ ಪ್ರಾಣಾಂತಿಕ ಅಲರ್ಜಿ ಉಂಟುಮಾಡುತ್ತದೆ. ಆಸ್ಪತ್ರೆಯಲ್ಲೇ ಕೊಡಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೇಂದ್ರವು 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಯೋಜನೆ ಪ್ರಕಟಿಸಿತು. ಇಷ್ಟಾದ ಮೇಲೂ ಪಂಪು, ಬ್ಲೇಡು ತುಂಬಿದ ಪೆಟ್ಟಿಗೆ 'ಜೀವರಕ್ಷಕ' ಎಂಬ ಹೆಸರಲ್ಲಿ ಮಾರಾಟವಾಗುವುದು ನನಗೆ ಸರಿಕಾಣದು. ಸುಂಕದ ರಸೀದಿ ಗುಣಮಟ್ಟದ ಪ್ರಮಾಣಪತ್ರವಲ್ಲ. ವೈದ್ಯಕೀಯ ಉಪಕರಣಗಳಿಗೆ 2017ರ ಪ್ರತ್ಯೇಕ ನಿಯಮಗಳಿವೆ, ಅವುಗಳ ಜಾರಿ ಔಷಧ ನಿಯಂತ್ರಣದವರ ಕೆಲಸ. ಅವರು ಇತ್ತ ಗಮನಿಸಬೇಕು.

ಹಳಿಯಾಳದ ಕಬ್ಬಿನ ಗದ್ದೆಗೆ, ಮುಂಡಗೋಡದ ಭತ್ತದ ಗದ್ದೆಗೆ ಇಳಿಯುವವರು ಆ ದುಡ್ಡಿನಲ್ಲಿ ಗಂಬೂಟು, ಒಳ್ಳೆಯ ಬ್ಯಾಟರಿ ಕೊಳ್ಳಲಿ. ಕಡಿತವಾದರೆ ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಬಿದಿರಿನ ದಬ್ಬೆ ಇಟ್ಟು, ಬಿಗಿಯಾಗದಂತೆ ಹಳೇ ಪಂಚೆ ಸುತ್ತಿ, ಕೈಕಾಲು ಅಲ್ಲಾಡದಂತೆ ಮಾಡಿ. ರೋಗಿಯನ್ನು ನಡೆಸಬೇಡಿ, ಹೊತ್ತೊಯ್ಯಿರಿ. 108ಕ್ಕೆ ಫೋನ್ ಮಾಡಿ. ಕಡಿದ ಹೊತ್ತನ್ನು ಬರೆದಿಟ್ಟುಕೊಂಡರೆ ನಮಗೆ ಅನುಕೂಲ. ಹಾವನ್ನು ಹೊಡೆದು ತರುವುದು ಬೇಡ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆ, ರಾತ್ರಿ ವೈದ್ಯರಿರುತ್ತಾರೆಯೇ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ, ಫೋನ್ ನಂಬರನ್ನು ಬಾಗಿಲ ಹಿಂದೆ ಬರೆದಿಡಿ.