ಜಠರವನ್ನು ಕಣ್ಣಾರೆ ಕಾಣಬೇಕು

ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ಹೊಟ್ಟೆಯುರಿಗೆ ಮದ್ದು ಹೇಳದ ಮನೆಯಿಲ್ಲ. ಒಬ್ಬರು ಜೀರಿಗೆಯ ಕಷಾಯವೆಂದರೆ ಇನ್ನೊಬ್ಬರು ಮುರುಗಲ ಹಣ್ಣಿನ ಪಾನಕವೆನ್ನುವರು. ಮೂರನೆಯವರು ಔಷಧದಂಗಡಿಯ ಗುಳಿಗೆಯನ್ನೇ ಕೈಗಿಡುವರು. ಎರಡು ದಿನದ ಅಜೀರ್ಣಕ್ಕೆ ಇಷ್ಟು ಸಾಕಾಗಬಹುದು. ಆದರೆ ತಿಂಗಳುಗಟ್ಟಲೆ ಉರಿಯುವ ಹೊಟ್ಟೆಯ ಒಳಗನ್ನು ಒಮ್ಮೆಯೂ ನೋಡದೆ ಮದ್ದು ನುಂಗುತ್ತಲೇ ಇರುವುದು ವಿವೇಕವೇ? ಅಲ್ಲವೆಂಬುದು ನಮ್ಮ ಅಭಿಪ್ರಾಯ.

ಒಳಗನ್ನು ನೋಡುವ ಹಂಬಲ ಹಳೆಯದು. 1868ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್, ಕತ್ತಿ ನುಂಗುವ ಕಸುಬಿನವನೊಬ್ಬನ ಗಂಟಲಿನಲ್ಲಿ ನೆಟ್ಟಗಿನ ಲೋಹದ ಕೊಳವೆಯನ್ನು ಇಳಿಸಿ ನೋಡಿದನು. ಸಾಮಾನ್ಯ ರೋಗಿಯಿಂದ ಅದು ಆಗುವ ಮಾತಲ್ಲ. ಕೊಳವೆ ಬಾಗಬೇಕು, ಅದರೊಡನೆ ಬೆಳಕೂ ಬಾಗಬೇಕು. ಈ ಒಗಟನ್ನು ಬಿಡಿಸಿದುದು ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಸಂಪೂರ್ಣ ಆಂತರಿಕ ಪ್ರತಿಫಲನವೇ. ಗಾಜಿನ ಎಳೆಯನ್ನು ಹೊಕ್ಕ ಬೆಳಕು ಅಂಚಿನಿಂದ ಅಂಚಿಗೆ ಪುಟಿಯುತ್ತ ಇನ್ನೊಂದು ತುದಿಯನ್ನು ಮುಟ್ಟುತ್ತದೆ. 1954ರಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಹಾಗೂ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಇಂತಹ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. 1957ರಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಅಂತಹ ಕೊಳವೆಯನ್ನು ತಾನೇ ನುಂಗಿ ಪರೀಕ್ಷಿಸಿಕೊಂಡನು. ಇಂದಿನ ಕೊಳವೆಗಳ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುತ್ತದೆ.

ಎಂಡೋಸ್ಕೋಪಿಯೆಂದರೆ ಒಂದೇ ಪರೀಕ್ಷೆಯಲ್ಲ. ಬಾಯಿಯಿಂದ ಇಳಿಸುವ ಗ್ಯಾಸ್ಟ್ರೋಸ್ಕೋಪಿಯು ಅನ್ನನಾಳ, ಜಠರ ಹಾಗೂ ಸಣ್ಣ ಕರುಳಿನ ಮೊದಲ ಭಾಗವನ್ನು ತೋರಿಸುತ್ತದೆ. ಗುದದ್ವಾರದಿಂದ ಏರಿಸುವ ಕೊಲೊನೋಸ್ಕೋಪಿಯು ದೊಡ್ಡ ಕರುಳನ್ನು ಕಾಣಿಸುತ್ತದೆ. ಇವೆರಡರ ನಡುವಿನ ಸಣ್ಣ ಕರುಳಿನ ದೀರ್ಘ ಹಾದಿಯನ್ನು ನೋಡಲು, ನುಂಗಬಹುದಾದ ಕ್ಯಾಮೆರಾ ಗುಳಿಗೆಯುಂಟು. ಅದು ಸಾಗುತ್ತ ಸಾವಿರಾರು ಚಿತ್ರಗಳನ್ನು ತೆಗೆಯುತ್ತದೆ, ಆದರೆ ಅಂಗಾಂಶದ ಚೂರನ್ನು ಕಿತ್ತು ತರಲಾರದು. ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯನ್ನು ಪರೀಕ್ಷಿಸಲು ಶ್ರವಣಾತೀತ ಧ್ವನಿಯ ಎಂಡೋಸ್ಕೋಪಿಯಿದೆ.

ನೋಡುವುದರಿಂದಾಗುವ ಲಾಭಕ್ಕೆ ಒಂದು ನಿದರ್ಶನ ಸಾಕು. ಜಠರದ ಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್, ಎಂಡೋಸ್ಕೋಪಿಯಿಂದ ತೆಗೆದ ಜಠರದ ಚೂರುಗಳಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ಗುರುತಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ವರ್ಷಗಟ್ಟಲೆ ಕಾಡುತ್ತಿದ್ದ ಎಷ್ಟೋ ಹುಣ್ಣುಗಳು ಈಗ ಕೆಲವೇ ವಾರಗಳ ಔಷಧದಿಂದ ಮಾಯುತ್ತವೆ.

ಹಾಗೆಂದು ಪ್ರತಿಯೊಂದು ಹೊಟ್ಟೆನೋವಿಗೂ ಕೊಳವೆ ಇಳಿಸಬೇಕೆಂದಲ್ಲ. ನುಂಗಲು ತೊಡಕು, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ — ಇವು ಕಂಡಾಗ ಮಾತ್ರ ತಡಮಾಡಬಾರದು. ಗುಳಿಗೆಯಿಂದ ಉರಿ ಶಮನವಾಯಿತೆಂದು ನೆಮ್ಮದಿಗೊಳ್ಳುವುದೂ ಸಲ್ಲದು. ಜಠರದ ಕ್ಯಾನ್ಸರಿನ ಆರಂಭದ ಲಕ್ಷಣಗಳೂ ಹಾಗೆ ಕೆಲಕಾಲ ಮರೆಯಾಗಬಹುದು.

ಇಲ್ಲಿ ದೂರದ ಪ್ರಶ್ನೆಯೊಂದು ಏಳುತ್ತದೆ. ಹೆಚ್ಚಿನ ಚಿಕಿತ್ಸೆಗೆ ಈ ಜಿಲ್ಲೆಯವರು ಗೋವೆಗೋ ಮಣಿಪಾಲಕ್ಕೋ, ಇಲ್ಲವೇ ಅರಬೈಲು ಘಟ್ಟವೇರಿ ಹುಬ್ಬಳ್ಳಿಗೋ ಹೋಗುವುದು ರೂಢಿಯಾಗಿದೆ. ಕೊಲೊನೋಸ್ಕೋಪಿಗೆ ಮುನ್ನ ಭೇದಿಯ ಔಷಧ ಕುಡಿದು ಕರುಳನ್ನು ತೊಳೆದುಕೊಳ್ಳಬೇಕು. ಮಂಪರಿನ ಮದ್ದು ಕೊಟ್ಟಿದ್ದರೆ ಮನೆಗೆ ಕರೆತರಲು ಜೊತೆಗೊಬ್ಬರು ಬೇಕು. ಅಂತಹ ರೋಗಿಗೆ ನೂರಾರು ಕಿಲೋಮೀಟರಿನ ಬಸ್ಸು ಪ್ರಯಾಣ ಎಷ್ಟು ಕಷ್ಟ! ದಿನಗೂಲಿಯವನು ಪರೀಕ್ಷೆಯನ್ನೇ ಮುಂದೂಡಿದರೆ ಅವನನ್ನು ದೂರುವುದು ನ್ಯಾಯವಲ್ಲ.

2022ರಲ್ಲಿ ಉತ್ತರ ಕನ್ನಡದ ಜನರು ಸುಸಜ್ಜಿತ ಆಸ್ಪತ್ರೆ ಬೇಕೆಂದು ದನಿಯೆತ್ತಿದರು. ಆ ಬೇಡಿಕೆ ಕಟ್ಟಡಕ್ಕೆ ನಿಲ್ಲಬಾರದು. ಕೊಳವೆಯಿದ್ದರೆ ಸಾಲದು, ಅದನ್ನು ನಡೆಸುವ ಪಳಗಿದ ಕೈ, ಪ್ರತಿ ರೋಗಿಯ ನಂತರ ಅದನ್ನು ತೊಳೆದು ಕ್ರಿಮಿರಹಿತಗೊಳಿಸುವ ಶಿಸ್ತು, ಚೂರನ್ನು ಸೂಕ್ಷ್ಮದರ್ಶಕದಡಿ ಓದುವ ತಜ್ಞ, ಮೂರೂ ಬೇಕು. ಇವನ್ನು ಹೆಸರಿಟ್ಟು ಕೇಳುವಷ್ಟು ತಿಳಿವಳಿಕೆ ಜನರಿಗೆ ಬರಬೇಕು. ಅಲ್ಲಿಯವರೆಗೆ, ಮನೆಯ ಹಿರಿಯರು ಮೂರನೆಯ ತಿಂಗಳೂ ಅದೇ ಗುಳಿಗೆಯನ್ನು ತರಹೇಳಿದಾಗ, ಅಂಗಡಿಯ ಬದಲು ವೈದ್ಯರಲ್ಲಿಗೆ ಅವರನ್ನು ಕರೆದೊಯ್ಯುವ ಕೆಲಸ ವಿದ್ಯಾರ್ಥಿಗಳದು.