ಹಳೆಯ ಹಾದಿಗೆ ಮರಳುವ ಹಕ್ಕು

ಜನಪ್ರಿಯ ಸಂಗೀತದಲ್ಲಿ ಬಹುಕಾಲ ಬಾಳಿದ ಗಾಯಕಿಯೊಬ್ಬರು ತಾವು ಮೊದಲು ಹೆಸರು ಮಾಡಿದ ಶೈಲಿಗೆ ವರ್ಷಗಳ ಮೇಲೆ ಮರಳಿದಾಗ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅಂತೂ ಮನೆಗೆ ಬಂದರಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. ಹೊಸದೇನೂ ತೋಚದೆ ಹಳೆಯದಕ್ಕೇ ಜೋತುಬಿದ್ದರು ಎಂದು ಇನ್ನು ಕೆಲವರು ಮೂಗು ಮುರಿಯುತ್ತಾರೆ. ಹೊಗಳಿಕೆಗೂ ತೆಗಳಿಕೆಗೂ ಅಡಿಯಲ್ಲಿರುವ ನಂಬಿಕೆ ಮಾತ್ರ ಒಂದೇ: ಕಲಾವಿದೆಯ ಬೇರು ಒಂದೇ ಕಡೆ ಕದಲದೆ ಇರುತ್ತದೆ, ಆಕೆ ಅದರಿಂದ ದೂರ ಹೋಗಬಹುದು ಇಲ್ಲವೇ ಹತ್ತಿರ ಬರಬಹುದು, ಅಷ್ಟೇ. ಈ ನಂಬಿಕೆಯೇ ತಪ್ಪೆಂಬುದು ನನ್ನ ವಾದ. ಬೇರಿಗೆ ಮರಳುವುದು ಪಳಗಿದ ಕಲಾವಿದೆ ತನ್ನ ಪೂರ್ತಿ ವಿವೇಕವನ್ನು ಬಳಸಿ ಮಾಡುವ ಆಯ್ಕೆ. ಅಂಥ ಆಲ್ಬಂ ಹಳೆಯ ಆಲ್ಬಮ್ಮಿನಂತೆ ಕೇಳಿಸುತ್ತದೆಯೇ ಎಂದು ನೋಡಿದರೆ ಅದರ ಬೆಲೆ ತಿಳಿಯುವುದಿಲ್ಲ. ನಡುವಿನ ವರ್ಷಗಳಲ್ಲಿ ಕಲಿತದ್ದು ಅದರೊಳಗೆ ಕೆಲಸ ಮಾಡಿದೆಯೇ ಎಂದು ನೋಡಬೇಕು. ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ 1995ರಲ್ಲಿ ಹೊರತಂದ ‘ಫೀಲ್ಸ್ ಲೈಕ್ ಹೋಮ್’ ಈ ಮಾತನ್ನು ಒರೆಗೆ ಹಚ್ಚಲು ತಕ್ಕ ಉದಾಹರಣೆ.

1946ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಹುಟ್ಟಿದ ಲಿಂಡಾ ಹದಿಹರೆಯ ದಾಟುವ ಹೊತ್ತಿಗೆ ಲಾಸ್ ಏಂಜಲೀಸ್ ಸೇರಿದರು. ಸ್ಟೋನ್ ಪೋನೀಸ್ ತಂಡದಲ್ಲಿ ಹಾಡಿ 1967ರಲ್ಲಿ ಮೊದಲ ಯಶಸ್ಸು ಕಂಡರು. 1971ರಲ್ಲಿ ಅವರ ಹಿಮ್ಮೇಳಕ್ಕೆಂದು ಬಂದ ಗ್ಲೆನ್ ಫ್ರೈ ಮತ್ತು ಡಾನ್ ಹೆನ್ಲಿ ಮುಂದೆ ಈಗಲ್ಸ್ ತಂಡವನ್ನು ಕಟ್ಟಿದರು. 1974ರ ಕೊನೆಯಲ್ಲಿ ಬಂದ ‘ಹಾರ್ಟ್ ಲೈಕ್ ಎ ವೀಲ್’ ಅವರನ್ನು ಕಂಟ್ರಿ-ರಾಕ್‌ನ ಮುಂಚೂಣಿಯಲ್ಲಿ ನಿಲ್ಲಿಸಿತು. ಆ ಆಲ್ಬಮ್ಮಿನ ಒಂದು ಹಾಡು ಪಾಪ್ ಪಟ್ಟಿಯಲ್ಲೂ ಇನ್ನೊಂದು ಕಂಟ್ರಿ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿದವು. ಹಳೆಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ಹಾಡೊಂದನ್ನು ಹಾಡಿದ್ದಕ್ಕೆ ಕಂಟ್ರಿ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ಹಾದಿಯಲ್ಲಿ ಇನ್ನಷ್ಟು ವರ್ಷ ಆರಾಮವಾಗಿ ನಡೆಯಬಹುದಿತ್ತು. ಅವರು ನಡೆಯಲಿಲ್ಲ. 1980ರ ನಂತರ ಬ್ರಾಡ್‌ವೇಯಲ್ಲಿ ‘ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್’ ಸಂಗೀತ ನಾಟಕದಲ್ಲಿ ಹಾಡಿದರು. 1983ರಿಂದ ನೆಲ್ಸನ್ ರಿಡ್ಲ್ ಅವರ ದೊಡ್ಡ ವಾದ್ಯಮೇಳದೊಂದಿಗೆ ಹಳೆಯ ಅಮೆರಿಕನ್ ಪ್ರೇಮಗೀತೆಗಳ ಮೂರು ಆಲ್ಬಂ ಮಾಡಿದರು. 1984ರಲ್ಲಿ ಪುಚ್ಚೀನಿಯ ‘ಲಾ ಬೊಹೆಮ್’ ಆಪೆರಾದಲ್ಲಿ ಪಾತ್ರ ವಹಿಸಿದರು. 1987ರಲ್ಲಿ ಮೆಕ್ಸಿಕೊದ ಮಾರಿಯಾಚಿ ಮೇಳದೊಂದಿಗೆ ಸ್ಪ್ಯಾನಿಷ್‌ನಲ್ಲಿ ‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’ ಹಾಡಿದರು. ಇಷ್ಟೆಲ್ಲ ಸುತ್ತಾಡಿದ ಮೇಲೆ, 48ನೆಯ ವಯಸ್ಸಿನಲ್ಲಿ, ‘ಫೀಲ್ಸ್ ಲೈಕ್ ಹೋಮ್’ ಬಂತು. ಬೇರಿಗೆ ಮರಳಿದರು ಎಂಬ ಮಾತು ಹುಟ್ಟಿದ್ದು ಆಗ.

ಆದರೆ ಯಾವ ಬೇರಿಗೆ? ಕಂಟ್ರಿ-ರಾಕ್ ಯಾರ ಹುಟ್ಟುಮನೆಯ ಸಂಗೀತವೂ ಅಲ್ಲ. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತವನ್ನು ದೂರದಿಂದ ಕೇಳಿ ಬೆಳೆದ ಯುವಕ ಯುವತಿಯರು 1960ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ನಂಥ ಮಹಾನಗರದಲ್ಲಿ, ಟ್ರೂಬಡೂರ್‌ನಂಥ ಕ್ಲಬ್ಬುಗಳಲ್ಲಿ ಕೂತು ಕಟ್ಟಿದ ಬೆರಕೆ ಅದು. ಈ ಶೈಲಿಯ ಆರಂಭದ ಆಲ್ಬಮ್ಮುಗಳಲ್ಲೊಂದಾದ, ಬರ್ಡ್ಸ್ ತಂಡದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಬಂದದ್ದು 1968ರಲ್ಲಿ; ಅಂದರೆ ಈ ಶೈಲಿಗೂ ಲಿಂಡಾ ಅವರ ವೃತ್ತಿಜೀವನಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇನ್ನು ಅವರ ಮನೆಯ ಸಂಗೀತವೆಂದರೆ ಬೇರೆಯದೇ. ಅಜ್ಜ ಮೆಕ್ಸಿಕೊದ ಸೊನೋರಾದಿಂದ ಟೂಸಾನ್‌ಗೆ ಬಂದು ನೆಲೆಸಿ, ವ್ಯಾಪಾರದ ಜೊತೆಗೆ ಒಂದು ವಾದ್ಯಮೇಳವನ್ನೂ ನಡೆಸಿದವರು. ತಂದೆ ಸ್ಪ್ಯಾನಿಷ್ ಹಾಡುಗಳನ್ನು ಹಾಡುತ್ತಿದ್ದರು. ಹತ್ತು ವರ್ಷ ತುಂಬುವ ಮೊದಲು ಮನೆಯಲ್ಲಿ ಕಿವಿಗೆ ಬೀಳದ ಯಾವ ಬಗೆಯ ಸಂಗೀತವನ್ನೂ ತಾನು ಮುಂದೆ ಹಾಡಲಿಲ್ಲ ಎಂಬರ್ಥದ ಮಾತನ್ನು ಲಿಂಡಾ ಹಲವು ಬಾರಿ ಹೇಳಿದ್ದಾರೆ. ಆ ಮನೆಯಲ್ಲಿ ಮೆಕ್ಸಿಕೊದ ರಾಂಚೇರಾ ಹಾಡುಗಳಿದ್ದವು, ಆಪೆರಾ ಇತ್ತು, ರೇಡಿಯೊದಲ್ಲಿ ಬರುವ ಹ್ಯಾಂಕ್ ವಿಲಿಯಮ್ಸ್ ಕೂಡ ಇದ್ದ. ಹೀಗಿರುವಾಗ 1987ರ ಸ್ಪ್ಯಾನಿಷ್ ಆಲ್ಬಂ ವಿಹಾರ, 1995ರ ಕಂಟ್ರಿ-ರಾಕ್ ಆಲ್ಬಂ ಮರಳಿಕೆ ಎಂದು ಗೆರೆ ಎಳೆಯುವುದು ಯಾವ ಆಧಾರದ ಮೇಲೆ? ರಕ್ತಸಂಬಂಧವನ್ನೇ ಬೇರು ಎನ್ನುವುದಾದರೆ ಅವರು ಬೇರಿಗೆ ಮರಳಿದ್ದು ಎಂಟು ವರ್ಷ ಮೊದಲೇ. ಮೊದಲ ಪ್ರಸಿದ್ಧಿಯನ್ನು ಬೇರು ಎನ್ನುವುದಾದರೆ, ಆ ಗೆರೆಯನ್ನು ಎಳೆದದ್ದು ಮಾರುಕಟ್ಟೆ. ಗಾಯಕಿಯ ಬದುಕಿಗೂ ಅದಕ್ಕೂ ಸಂಬಂಧ ಕಡಿಮೆ. ವಿಮರ್ಶೆ ಈ ಎರಡನ್ನೂ ಒಂದರೊಳಗೊಂದು ಕಲಸಿಬಿಡುತ್ತದೆ. ಅದರಿಂದ ಅನ್ಯಾಯವಾಗುವುದು, ಒಂದಕ್ಕಿಂತ ಹೆಚ್ಚು ಮನೆಗಳಿರುವ ಕಲಾವಿದರಿಗೆ.

ಆಲ್ಬಮ್ಮಿನ ಒಳಗೆ ಇಳಿದರೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಹತ್ತು ಹಾಡುಗಳಲ್ಲಿ 1970ರ ದಶಕದ ತಮ್ಮ ಯಶಸ್ವಿ ಹಾಡುಗಳಲ್ಲಿ ಒಂದನ್ನೂ ಲಿಂಡಾ ಮತ್ತೆ ಹಾಡಿಲ್ಲ. ಹಳೆಯ ವೈಭವವನ್ನು ಮಾರುವ ಉದ್ದೇಶವಿದ್ದಿದ್ದರೆ ಮೊದಲು ಮಾಡಬೇಕಾದ ಕೆಲಸ ಅದೇ ಆಗಿತ್ತು. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಅವರ ಹೆಸರಿನಲ್ಲಿರುವ ‘ಲವರ್ಸ್ ರಿಟರ್ನ್’ ಕಂಟ್ರಿ-ರಾಕ್ ಹುಟ್ಟುವುದಕ್ಕೆ ದಶಕಗಳ ಹಿಂದಿನದು. ಟಾಮ್ ಪೆಟ್ಟಿ ಅವರ ‘ದಿ ವೇಟಿಂಗ್’ 1981ರದು, ಆ ಅಲೆ ಇಳಿದ ಮೇಲಿನದು. ನೀಲ್ ಯಂಗ್ ಅವರ ‘ಆಫ್ಟರ್ ದಿ ಗೋಲ್ಡ್ ರಶ್’ 1970ರದು. ಅದೊಂದು ಮಾತ್ರ ನಿಜಕ್ಕೂ ಲಿಂಡಾ ಅವರ ಆರಂಭದ ದಿನಗಳ ಹಾಡು. ಇನ್ನು ಆಲ್ಬಮ್ಮಿಗೆ ಹೆಸರು ಕೊಟ್ಟ, ಮನೆ ಎಂಬ ಭಾವವನ್ನೇ ಹೊತ್ತ ಹಾಡು ಬಂದದ್ದು ರ‍್ಯಾಂಡಿ ನ್ಯೂಮನ್ ಫೌಸ್ಟ್ ಕಥೆಯನ್ನು ಆಧರಿಸಿ ಬರೆದ ಸಂಗೀತ ನಾಟಕದಿಂದ. ಸೈತಾನನೂ ದೇವರೂ ಪಾತ್ರಗಳಾಗಿರುವ ಆ ಕೃತಿಯ ಧ್ವನಿಮುದ್ರಣದಲ್ಲಿ ಲಿಂಡಾ ಕೂಡ ಮಾರ್ಗರೆಟ್ ಪಾತ್ರಕ್ಕೆ ದನಿ ಕೊಟ್ಟಿದ್ದರು. ಹಳ್ಳಿ, ಹೊಲ, ಕುದುರೆ ಲಾಯ ಯಾವುದರ ಸೋಂಕೂ ಇಲ್ಲದ ನಾಟಕದ ಹಾಡನ್ನು ತಂದು, ಅದರ ಸುತ್ತ ಫಿಡಲ್ ಮತ್ತು ಗಿಟಾರ್‌ಗಳ ಹಂದರ ಹಾಕಿ, ಇದೇ ನನ್ನ ಮನೆ ಎಂದು ಹಾಡುವ ಗಾಯಕಿ ಹಿಂದಕ್ಕೆ ನೋಡುತ್ತ ಕುಳಿತಿಲ್ಲ. ಆಕೆ ಮನೆಯನ್ನು ಕಟ್ಟುತ್ತಿದ್ದಾಳೆ, ಬೇರೆ ಬೇರೆ ಕಾಲದ ಮರಮುಟ್ಟು ತಂದು. ‘ಆಫ್ಟರ್ ದಿ ಗೋಲ್ಡ್ ರಶ್’ನಲ್ಲಿ ಗ್ಲಾಸ್ ಹಾರ್ಮೋನಿಕಾದ ನಾದ ತೇಲಿಬರುತ್ತದೆ. ತಿರುಗುವ ಗಾಜಿನ ಬಟ್ಟಲುಗಳ ಅಂಚಿಗೆ ಒದ್ದೆ ಬೆರಳು ತಾಗಿಸಿ ನುಡಿಸುವ ಈ ವಾದ್ಯ ಹದಿನೆಂಟನೆಯ ಶತಮಾನದ್ದು, ಬೆಂಜಮಿನ್ ಫ್ರ್ಯಾಂಕ್ಲಿನ್ ರೂಪಿಸಿದ್ದು. 1970ರ ದಶಕದ ಕಂಟ್ರಿ-ರಾಕ್‌ಗೆ ಅದರ ಗುರುತೇ ಇರಲಿಲ್ಲ. ಈ ಆಲ್ಬಮ್ಮಿನಲ್ಲಿ ಫಿಡಲ್ ಹಿಡಿದ ಆಲಿಸನ್ ಕ್ರಾಸ್ ಹುಟ್ಟಿದ್ದು 1971ರಲ್ಲಿ, ಈಗಲ್ಸ್ ತಂಡ ಹುಟ್ಟಿದ ವರ್ಷವೇ. ದನಿಯೂ ಹಳೆಯದಲ್ಲ. ‘ಹಾರ್ಟ್ ಲೈಕ್ ಎ ವೀಲ್’ ಕಾಲದಲ್ಲಿ ಏರುಸ್ವರಕ್ಕೆ ಎದೆಯ ಬಲವನ್ನೆಲ್ಲ ಸುರಿಯುತ್ತಿದ್ದ ಗಾಯಕಿ, ನಾಟಕದ ರಂಗದಲ್ಲೂ ರಿಡ್ಲ್ ಅವರ ವಾದ್ಯಮೇಳದ ಮುಂದೆಯೂ ಕಲಿತ ಹದವನ್ನು ಇಲ್ಲಿ ಬಳಸುತ್ತಾರೆ. ಸ್ವರವನ್ನು ತಡೆದು ಹಿಡಿಯುವುದು, ತಲೆಯ ದನಿಗೆ ಮೆಲ್ಲನೆ ಜಾರುವುದು, ಸಾಲಿನ ಕೊನೆಯನ್ನು ತೆಳುವಾಗಲು ಬಿಡುವುದು, ಇವನ್ನೆಲ್ಲ ಆಪೆರಾ ಮತ್ತು ಹಳೆಯ ಪ್ರೇಮಗೀತೆಗಳ ಸಾಧನೆಯಿಲ್ಲದೆ ಊಹಿಸುವುದು ಕಷ್ಟ.

ಈ ಆಲ್ಬಮ್ಮಿನ ಹುಟ್ಟಿನಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. ಲಿಂಡಾ ಮತ್ತು ಕಂಟ್ರಿ ಗಾಯಕಿಯರಾದ ಡಾಲಿ ಪಾರ್ಟನ್, ಎಮಿಲೂ ಹ್ಯಾರಿಸ್ ಮೂವರೂ ಒಟ್ಟಿಗೆ ಹಾಡಬೇಕೆಂದು 1970ರ ದಶಕದ ಕೊನೆಯಲ್ಲೇ ಪ್ರಯತ್ನಿಸಿದ್ದರು, ಅದು ಕೈಗೂಡಲಿಲ್ಲ. 1987ರಲ್ಲಿ ‘ಟ್ರಿಯೊ’ ಬಂದು ದೊಡ್ಡ ಯಶಸ್ಸು ಕಂಡಿತು. ಎರಡನೆಯ ಆಲ್ಬಮ್ಮಿಗೆ ಮೂವರೂ 1994ರಲ್ಲಿ ಸೇರಿ ಹಾಡಿದರು, ಆದರೆ ಬಿಡುಗಡೆಯ ವೇಳಾಪಟ್ಟಿ ಹೊಂದಲಿಲ್ಲ, ಕೆಲಸ ನಿಂತಿತು. ಆಗ ಲಿಂಡಾ ಅದರೊಳಗಿನ ಐದು ಹಾಡುಗಳಿಂದ ಡಾಲಿಯ ದನಿಯನ್ನು ತೆಗೆದು, ಬೇರೆ ದನಿ ಸೇರಿಸಿ, ‘ಫೀಲ್ಸ್ ಲೈಕ್ ಹೋಮ್’ನಲ್ಲಿ ಹಾಕಿಕೊಂಡರು. ಅಂದರೆ ಆಲ್ಬಮ್ಮಿನ ಅರ್ಧಭಾಗ ಮೂವರ ಮನೆಯಾಗಬೇಕಿದ್ದದ್ದು. 1999ರಲ್ಲಿ ‘ಟ್ರಿಯೊ 2’ ಕೊನೆಗೂ ಹೊರಬಿದ್ದಾಗ ಅವೇ ಐದು ಹಾಡುಗಳು ಡಾಲಿಯ ದನಿಯೊಂದಿಗೆ ಕೇಳಿಬಂದವು. ‘ಆಫ್ಟರ್ ದಿ ಗೋಲ್ಡ್ ರಶ್’ಗೆ ಗ್ರ್ಯಾಮಿಯೂ ಬಂತು. ಒಂದೇ ಹಾಡಿನ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ಕೇಳುವ ಅವಕಾಶ ಅಪರೂಪ. ಡಾಲಿಯ ದನಿ ಸೇರಿದಾಗ ಆಕೆಯ ಊರಾದ ಟೆನೆಸಿಯ ಬೆಟ್ಟದ ಸೊಗಡು ಮೇಲಕ್ಕೆ ಬರುತ್ತದೆ. ಅದಿಲ್ಲದಾಗ ಕ್ಯಾಲಿಫೋರ್ನಿಯಾದ ಹೊಳಪು. ಯಾವುದು ಬೇರಿಗೆ ಹತ್ತಿರ? ಎರಡೂ ಹೌದು, ಎರಡೂ ಅಲ್ಲ. ಬೇರಿಗೆ ಮರಳುವುದೆಂದರೆ ಒಂಟಿಯಾಗಿ ತನ್ನೊಳಗೆ ಇಳಿಯುವುದು ಎಂದು ನಾವು ಊಹಿಸಿಕೊಳ್ಳುತ್ತೇವೆ. ಇಲ್ಲಿ ಅದು ಗೆಳತಿಯರ ದಿನಚರಿ, ಕಂಪನಿಗಳ ಒಪ್ಪಂದ, ದನಿಗಳ ಹೊಂದಾಣಿಕೆ ಎಲ್ಲವನ್ನೂ ಅವಲಂಬಿಸಿದ ಸಾಮೂಹಿಕ ಕೆಲಸವಾಗಿತ್ತು. 1974ರಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡಿಗೆ ಲಿಂಡಾ ಜೊತೆ ದನಿಗೂಡಿಸಿದ್ದ ಎಮಿಲೂ 1995ರಲ್ಲೂ ಜೊತೆಗಿದ್ದರು. ಶೈಲಿಗಿಂತಲೂ ಗಟ್ಟಿಯಾಗಿ ಉಳಿದದ್ದು ಈ ಒಡನಾಟ.

ಇದೆಲ್ಲ ವ್ಯಾಪಾರದ ಲೆಕ್ಕಾಚಾರವಲ್ಲವೇ, ಬೇರೆ ದಾರಿಗಳು ಮುಚ್ಚಿದಾಗ ಹಳೆಯ ಅಭಿಮಾನಿಗಳ ಬಾಗಿಲು ತಟ್ಟಿದ್ದಲ್ಲವೇ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಲಾಗದು. ಅಂಥ ಆಲ್ಬಮ್ಮುಗಳು ಬೇಕಾದಷ್ಟಿವೆ. ಆದರೆ ಲಿಂಡಾ ಅವರ ಮಟ್ಟಿಗೆ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. ರಿಡ್ಲ್ ಜೊತೆಗಿನ ಆಲ್ಬಮ್ಮುಗಳು ಹತ್ತಾರು ಲಕ್ಷ ಮಾರಾಟವಾಗಿದ್ದವು. ಸ್ಪ್ಯಾನಿಷ್ ಆಲ್ಬಂ ಅಮೆರಿಕದಲ್ಲಿ ಇಂಗ್ಲಿಷೇತರ ಆಲ್ಬಮ್ಮೊಂದು ಎಂದೂ ಕಾಣದಷ್ಟು ಮಾರಾಟ ಕಂಡಿತ್ತು. ಪ್ರಯೋಗದಲ್ಲಿ ಸೋತು ಅವರು ಮರಳಲಿಲ್ಲ. ಮರಳಿದ ಕಡೆ ಲಾಭವೂ ಕಾದಿರಲಿಲ್ಲ. 1990ರ ದಶಕದ ಕಂಟ್ರಿ ರೇಡಿಯೊ ಹೊಸ ಮುಖಗಳ ಹಿಂದೆ ಬಿದ್ದಿತ್ತು. ಡಾಲಿ ಪಾರ್ಟನ್, ಲೊರೆಟ್ಟಾ ಲಿನ್, ಟ್ಯಾಮಿ ವೈನೆಟ್ ಎಂಬ ಮೂವರು ದಿಗ್ಗಜೆಯರು 1993ರಲ್ಲಿ ಒಟ್ಟಾಗಿ ಹಾಡಿದರೂ ರೇಡಿಯೊ ಅವರತ್ತ ಹೆಚ್ಚು ತಿರುಗಲಿಲ್ಲ. ಐವತ್ತರ ಹತ್ತಿರದ ಗಾಯಕಿಗೆ ಕಂಟ್ರಿಯತ್ತ ಹೆಜ್ಜೆ ಹಾಕುವುದು ಆಗ ಜಾಣ ವ್ಯಾಪಾರವಾಗಿರಲಿಲ್ಲ. ಆಲ್ಬಂ ಹಳೆಯ ದಿನಗಳ ಯಶಸ್ಸನ್ನು ಮುಟ್ಟಲೂ ಇಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನೊಡ್ಡುವುದು ಎಮಿಲೂ ಹ್ಯಾರಿಸ್ ಅವರ ಉದಾಹರಣೆಯೇ. ಅದೇ 1995ರಲ್ಲಿ ಅವರು ನಿರ್ಮಾಪಕ ಡೇನಿಯಲ್ ಲಾನ್ವಾ ಜೊತೆ ‘ರೆಕಿಂಗ್ ಬಾಲ್’ ಮಾಡಿದರು. ಕಂಟ್ರಿಯ ಪರಿಚಿತ ಚೌಕಟ್ಟನ್ನು ಬಿಟ್ಟು, ಮಂಜು ಕವಿದಂಥ ಗಿಟಾರು, ಗಾಢವಾದ ತಾಳಗಳ ನಡುವೆ ತಮ್ಮ ದನಿಯನ್ನು ಇಟ್ಟರು. ವಿಮರ್ಶಕರು ಅದನ್ನು ಎತ್ತಿ ಹಿಡಿದರು, ಗ್ರ್ಯಾಮಿಯೂ ಸಂದಿತು. ಹಾಗಾದರೆ ಮುಂದೆ ಹೋದವರು ಎಮಿಲೂ, ಹಿಂದೆ ಬಂದವರು ಲಿಂಡಾ ಎನ್ನಬಹುದಲ್ಲ? ‘ರೆಕಿಂಗ್ ಬಾಲ್’ ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರ ಹಿಂದಿನ ದಾರಿಯನ್ನೂ ನೋಡಬೇಕು. ಎಮಿಲೂ ಇಪ್ಪತ್ತು ವರ್ಷ ಕಂಟ್ರಿಯ ಅಂಗಳದಲ್ಲೇ ಇದ್ದವರು. ಹೊರಗೆ ಕಾಲಿಡುವುದು ಅವರಿಗೆ ಬೇಕಿದ್ದ ಸಾಹಸ. ಲಿಂಡಾ 1980ರಿಂದಾಚೆಗೆ ಬಹುಪಾಲು ಹೊರಗೆ ತಿರುಗಿದವರು. ಒಳಗೆ ಬಂದು ಕೂತು, ಒಳಗಿನದನ್ನೇ ಹೊಸ ಕಿವಿಯಿಂದ ಕೇಳುವುದು ಅವರಿಗಿದ್ದ ಕಷ್ಟದ ಕೆಲಸ. ಶೈಲಿಯ ಭೂಪಟದ ಮೇಲೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದಷ್ಟನ್ನೇ ನೋಡಿ ಸೃಜನಶೀಲತೆಯನ್ನು ಅಳೆಯಲಾಗದು. ಇನ್ನೊಂದು ಮಾತನ್ನೂ ಹೇಳಲೇಬೇಕು. 1994ರಲ್ಲಿ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್ ಬರಿಯ ಗಿಟಾರ್ ಹಿಡಿದು ಮಾಡಿದ ಆಲ್ಬಮ್ಮಿನಲ್ಲಿ ಹಳೆಯ ಜಾಡಿಗೆ ಮರಳಿದಾಗ ಅದನ್ನು ಋಷಿಯ ಗಾಂಭೀರ್ಯವೆಂಬಂತೆ ಬರಮಾಡಿಕೊಳ್ಳಲಾಯಿತು. ಅದು ಆ ಆಲ್ಬಮ್ಮಿಗೆ ಸಲ್ಲಬೇಕಾದ ಗೌರವವೇ. ಗಂಡಸಿನ ಮುಪ್ಪು ಅನುಭವವಾಗಿ ಕಾಣುವಲ್ಲಿ ಹೆಂಗಸಿನ ಮರಳುವಿಕೆ ಹಳೆಯ ಹಂಬಲವಾಗಿ ಮಾತ್ರ ಕಾಣುವುದಾದರೆ, ದೋಷ ಕೇಳುವ ಕಿವಿಯದು.

ಲಿಂಡಾ ಹಾಡು ಬರೆದದ್ದು ಬಹಳ ಕಡಿಮೆ, ಹೆಚ್ಚಾಗಿ ಬೇರೆಯವರ ಹಾಡು ಹಾಡಿದವರು. ತಮ್ಮದಲ್ಲದ ಹಾಡುಗಳಿಗೆ ಎಂಥ ಬೇರು ಎಂಬ ಪ್ರಶ್ನೆಯೂ ಇದೆ. ಕೀರ್ತನೆಯೊಂದನ್ನು ನೂರು ಗಾಯಕರ ಬಾಯಲ್ಲಿ ನೂರು ಬಗೆಯಾಗಿ ಕೇಳಿ ಬೆಳೆದ ನಮಗೆ ಈ ಪ್ರಶ್ನೆ ವಿಚಿತ್ರವೆನಿಸಬೇಕು. ಹಾಡುಗಾರ್ತಿಯ ಸ್ವಂತಿಕೆ ಇರುವುದು ಆಯ್ಕೆಯಲ್ಲಿ, ಉಸಿರಿನಲ್ಲಿ, ಯಾವ ಮಾತಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬ ತೀರ್ಮಾನದಲ್ಲಿ. ಬರೆದವರಿಗಾದರೆ ಮರಳಲು ತಮ್ಮದೇ ಹಳೆಯ ಹಾಡುಗಳಿರುತ್ತವೆ. ಹಾಡುವವರು ಮರಳುವುದು ಒಂದು ಕೇಳುವ ಕ್ರಮಕ್ಕೆ: ಎರಡು ಮೂರು ದನಿಗಳು ಒಂದನ್ನೊಂದು ಒತ್ತದೆ ಹೊಂದಿಕೊಂಡು ಸಾಗುವ ಆ ಹಾಡಿಕೆಗೆ, ಸರಳ ರಾಗದ ಮೇಲಿನ ವಿಶ್ವಾಸಕ್ಕೆ. ‘ಹಾರ್ಟ್ ಲೈಕ್ ಎ ವೀಲ್’ನಲ್ಲೂ ‘ಫೀಲ್ಸ್ ಲೈಕ್ ಹೋಮ್’ನಲ್ಲೂ ಸಮಾನವಾಗಿರುವುದು ಅದೇ. ಅಲ್ಲಿ ಎವರ್ಲಿ ಸೋದರರು ಹಾಡಿದ್ದ ಹಾಡಿನ ಪಕ್ಕದಲ್ಲಿ ಹ್ಯಾಂಕ್ ವಿಲಿಯಮ್ಸ್ ಇದ್ದರೆ, ಇಲ್ಲಿ ಟಾಮ್ ಪೆಟ್ಟಿಯ ಪಕ್ಕದಲ್ಲಿ ಎ. ಪಿ. ಕಾರ್ಟರ್.

ಹೀಗೆಂದ ಮಾತ್ರಕ್ಕೆ ಮರಳಿದವರೆಲ್ಲ ಗೆದ್ದರು ಎಂದಲ್ಲ. ಹಳೆಯ ಹಾಡುಗಳನ್ನೇ ಹಳೆಯ ವಾದ್ಯಸಂಯೋಜನೆಯಲ್ಲಿ, ಬಳಲಿದ ದನಿಯಲ್ಲಿ ಮತ್ತೆ ಮುದ್ರಿಸಿ ಕೊಟ್ಟ ಆಲ್ಬಮ್ಮುಗಳ ಬಗ್ಗೆ ನನಗೆ ಅನುಕಂಪವಿದೆ, ಗೌರವ ಕಡಿಮೆ. ಡಾಲಿ ಪಾರ್ಟನ್ 1999ರಲ್ಲಿ ‘ದಿ ಗ್ರಾಸ್ ಈಸ್ ಬ್ಲೂ’ ಮೂಲಕ ಬ್ಲೂಗ್ರಾಸ್ ಎಂಬ ತಂತಿವಾದ್ಯಗಳ ಸಂಗೀತಕ್ಕೆ ಇಳಿದಾಗ, ಲೊರೆಟ್ಟಾ ಲಿನ್ ಎಪ್ಪತ್ತು ದಾಟಿದ ಮೇಲೆ 2004ರಲ್ಲಿ ರಾಕ್ ಸಂಗೀತಗಾರ ಜ್ಯಾಕ್ ವೈಟ್ ಜೊತೆ ‘ವ್ಯಾನ್ ಲಿಯರ್ ರೋಸ್’ ಮಾಡಿ ತಮ್ಮ ಗಣಿಯೂರಿನ ಕಥೆಗಳಿಗೆ ಮರಳಿದಾಗ, ಕೆಲಸ ಮಾಡಿದ್ದು ಬೇರೊಂದು ಧೈರ್ಯ. ಲಿಂಡಾ ಅವರ ಆಲ್ಬಂ ಇವೆರಡಕ್ಕೂ ಮೊದಲೇ ಆ ಧೈರ್ಯವನ್ನು ತೋರಿತ್ತು, ದನಿ ಇನ್ನೂ ಪೂರ್ತಿ ವಶದಲ್ಲಿದ್ದಾಗಲೇ. ಮುಂದಿನ ವರ್ಷಗಳಲ್ಲಿ ನರರೋಗವೊಂದು ಆ ದನಿಯನ್ನು ಸ್ವಲ್ಪ ಸ್ವಲ್ಪವಾಗಿ ಕಸಿದುಕೊಂಡಿತು. ತಮಗಿನ್ನು ಹಾಡಲಾಗದೆಂದು 2013ರಲ್ಲಿ ಅವರು ಲೋಕಕ್ಕೆ ತಿಳಿಸಿದರು. 2022ರಲ್ಲಿ, ಹಾಡು ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಸೊನೋರಾದ ಗಡಿನಾಡಿನ ಊಟ, ಮರುಭೂಮಿ, ಬಂಧುಬಳಗ, ಹಾಡುಗಳ ಕುರಿತ ಪುಸ್ತಕವೊಂದನ್ನು ಪತ್ರಕರ್ತರೊಬ್ಬರ ಜೊತೆಗೂಡಿ ಬರೆದರು. ಕಂಟ್ರಿ-ರಾಕ್ ಆಲ್ಬಮ್ಮಿಗೆ ಇಟ್ಟಿದ್ದ ‘ಫೀಲ್ಸ್ ಲೈಕ್ ಹೋಮ್’ ಎಂಬ ಹೆಸರನ್ನೇ ಅವರು ಆ ಪುಸ್ತಕಕ್ಕೂ ಇಟ್ಟರು.