ಹುಳು ಮನೆಯಲ್ಲಿ 85 ಡಿಗ್ರಿ

(1/5)
ಇಂಜಿನಿಯರಿಂಗ್ ಫ್ರೆಂಡ್ಸ್, ಈ ಸೀರೀಸ್ ನಿಮಗೆ. ಬಿಕಾಂನವರು ಸ್ಕ್ರೋಲ್ ಮಾಡಿ ಹೋಗ್ಬೇಡಿ, ನಿಮಗೂ ಕೆಲಸ ಇದೆ.

ಫೋಟೋದಲ್ಲಿ ಕಾಣ್ತಿರೋ ಕಪ್ಪು ವೈರು, ತುದಿಯಲ್ಲಿ ಸ್ಟೀಲ್ ಮೂತಿ, ಅದು ಡಿಎಸ್18ಬಿ20 ಅನ್ನೋ ಟೆಂಪರೇಚರ್ ಸೆನ್ಸರ್. ನಮ್ಮ ದೊಡ್ಡಪ್ಪ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ 24–25 ಡಿಗ್ರಿ ಇದ್ದರೆ ಚೆಂದ. ಸೆಕೆ ಜಾಸ್ತಿ ಆದ್ರೆ ರೋಗ, ಚಳಿ ಜಾಸ್ತಿ ಆದ್ರೆ ಸೊಪ್ಪು ತಿನ್ನೋದು ನಿಧಾನ. ಅದಕ್ಕೆ ನಾನು ಮತ್ತು ಎಲೆಕ್ಟ್ರಾನಿಕ್ಸ್ ಓದೋ ಫ್ರೆಂಡ್ ದಸರಾ ರಜೆಯಲ್ಲಿ ಕೂತು ಒಂದು ಇಎಸ್‌ಪಿ32 ಬೋರ್ಡ್, ಈ ಸೆನ್ಸರ್, ಒಂದು ಬಜರ್ ಸೇರಿಸಿ ಡಬ್ಬ ಮಾಡಿದ್ವಿ. ಸೆನ್ಸರ್ ಜೊತೆ ಮಾತಾಡೋಕೆ ಯಾರೋ ಬರೆದಿಟ್ಟ ಓಪನ್ ಸೋರ್ಸ್ ಡ್ರೈವರ್ ಇಳಿಸಿಕೊಂಡ್ವಿ. 30 ದಾಟಿದ್ರೆ ಬಜರ್ ಕೂಗಬೇಕು. ಮೂರು ದಿನ ಏನೂ ತೊಂದರೆ ಇರಲಿಲ್ಲ.

ನಾಲ್ಕನೇ ರಾತ್ರಿ ಎರಡೂವರೆಗೆ ಬಜರ್. ಸ್ಕ್ರೀನ್ ಮೇಲೆ 85. ಬೆಂಕಿ ಬಿತ್ತು ಅಂದ್ಕೊಂಡು ದೊಡ್ಡಪ್ಪ ಬರಿಗಾಲಲ್ಲಿ ಓಡಿದ್ರು. ಒಳಗೆ ನೋಡಿದ್ರೆ ಹುಳು ಆರಾಮಾಗಿ ಸೊಪ್ಪು ಮೇಯ್ತಿವೆ. ಅದೇ ವಾರ ಇನ್ನೂ ಎರಡು ಸಲ ಹೀಗೇ ಆಯ್ತು. ಮೂರನೇ ಸಲ ಅವರು ಪ್ಲಗ್ ಕಿತ್ತು, ಹಳೇ ಥರ್ಮಾಮೀಟರನ್ನೇ ಮತ್ತೆ ಮೊಳೆಗೆ ತಗುಲಿ ಹಾಕಿದ್ರು. “ನಿನ್ನ ಮಿಷಿನ್ನು ಸುಳ್ಳು ಹೇಳುತ್ತೆ ಕಣಮ್ಮಾ. ಸುಳ್ಳು ಹೇಳೋದನ್ನ ನಾನು ಹುಳು ಮನೇಲಿ ಇಟ್ಕೊಳ್ಳಲ್ಲ.”

(2/5)
ಮಿಷಿನ್ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ರೀತಿ ತಪ್ಪಾಗಿತ್ತು, ಅದನ್ನ ಹೇಳಬೇಕಾದವರು ಹೇಳಿರಲಿಲ್ಲ.

ಈ ಸೆನ್ಸರ್‌ಗೆ ಮೊದಲು ‘ಅಳೆ’ ಅಂತ ಕಮಾಂಡ್ ಕೊಡಬೇಕು. ಅಳೆಯೋಕೆ ಅದಕ್ಕೆ ಟೈಮ್ ಬೇಕು, 12 ಬಿಟ್ ನಿಖರತೆ ಬೇಕಿದ್ರೆ 750 ಮಿಲಿಸೆಕೆಂಡ್ ತನಕ. ಆಮೇಲೆ ‘ಎಷ್ಟು?’ ಅಂತ ಕೇಳಬೇಕು. ನಮ್ಮ ಡ್ರೈವರ್ ‘ಅಳೆ’ ಅಂದು ತಕ್ಷಣ ಉತ್ತರ ಎತ್ಕೊಂಡು ಬಂದುಬಿಡ್ತಿತ್ತು. ಕಾಯೋ ಜವಾಬ್ದಾರಿ ಬಳಸೋರದ್ದಂತೆ. ಹೀಗಾಗಿ ನಾವು ಪ್ರತಿ ಸಲ ಓದ್ತಿದ್ದದ್ದು ಹಿಂದಿನ ಸಲ ಅಳೆದ ಲೆಕ್ಕ. ಹುಳು ಮನೆಯಲ್ಲಿ ಒಂದು ನಿಮಿಷದಲ್ಲಿ ಏನು ಮಹಾ ಬದಲಾಗುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಆದರೆ ಕರೆಂಟ್ ಹೋಗಿ ಬಂದಾಗ ಹಿಂದಿನ ಲೆಕ್ಕ ಅನ್ನೋದೇ ಇರಲ್ಲ. ಪವರ್ ಬಂದ ಕೂಡಲೇ ಈ ಸೆನ್ಸರಿನ ಮೆಮೊರಿಯಲ್ಲಿ ಕೂತಿರೋ ಸಂಖ್ಯೆ 85. ತಯಾರಿಸಿದವರೇ ಹಾಗೆ ಇಟ್ಟಿರೋದು, ಡೇಟಾಶೀಟಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮೂರಲ್ಲಿ ರಾತ್ರಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಡ್ರೈವರ್ ಜೊತೆಗಿದ್ದ ರೀಡ್‌ಮಿಯಲ್ಲಿ ಇದ್ದದ್ದು ಮೂರು ಸಾಲು. ಇನ್‌ಸ್ಟಾಲ್ ಮಾಡೋದು ಹೇಗೆ, ಲೈಸೆನ್ಸ್ ಯಾವುದು, ಇಷ್ಟ ಆದ್ರೆ ಸ್ಟಾರ್ ಕೊಡಿ.

(3/5)
ನನ್ನ ಫ್ರೆಂಡ್ ಕೊಟ್ಟ ಸಮಾಧಾನ ಏನು ಗೊತ್ತಾ? “ಕೋಡೇ ಡಾಕ್ಯುಮೆಂಟೇಷನ್. ಓಪನ್ ಸೋರ್ಸ್ ತಾನೇ, ಓದ್ಕೋಬೇಕಿತ್ತು.”

ಈ ಡೈಲಾಗ್ ನೀವೆಲ್ಲ ಹೊಡೀತೀರಿ. ಬೇರೆ ಸಾಫ್ಟ್‌ವೇರ್‌ಗೆ ಅರ್ಧ ಒಪ್ಪಬಹುದೇನೋ, ಡ್ರೈವರ್‌ಗೆ ಖಂಡಿತ ಇಲ್ಲ. ಡ್ರೈವರಿನ ಸತ್ಯ ಕೋಡಿನೊಳಗೆ ಇರೋದೇ ಇಲ್ಲ, ಆಚೆ ಆ ಚಿಪ್ಪಿನಲ್ಲಿ ಇರುತ್ತೆ. ಕೋಡಿನಲ್ಲಿ 750 ಕಾಯಿ ಅಂತ ಇದೆ ಅಂತಿಟ್ಕೊಳ್ಳಿ. ಯಾಕೆ 750? ಬರೆದಿಲ್ಲ. ನಾಳೆ ಇನ್ನೊಬ್ಬ ಬುದ್ಧಿವಂತ ಬಂದು, ಸ್ಲೋ ಆಗ್ತಿದೆ ಅಂತ ಅದನ್ನ 100 ಮಾಡ್ತಾನೆ. ಮತ್ತೊಬ್ಬ ‘85 ಬಂದ್ರೆ ಬಿಟ್ಟುಬಿಡು’ ಅಂತ ಒಂದು ಸಾಲು ಸೇರಿಸ್ತಾನೆ. ಅದೇ ಡ್ರೈವರನ್ನ ಗೂಡು ಒಣಗಿಸೋ ಹಾಟ್ ಏರ್ ಡ್ರೈಯರ್‌ಗೆ ಹಾಕಿದ್ರೆ? ಅಲ್ಲಿ 85 ನಿಜವಾಗ್ಲೂ ಬರುತ್ತೆ ಸ್ವಾಮಿ.

ನಮಗೆ ಫಸ್ಟ್ ಪಿಯುಸಿಯಿಂದ ಜರ್ನಲ್ ಎಂಟ್ರಿ ಹೇಳಿಕೊಡ್ತಾರೆ. ಡೆಬಿಟ್ ಸರಿ, ಕ್ರೆಡಿಟ್ ಸರಿ, ಮೊತ್ತ ಸರಿ, ಕೆಳಗೆ ನರೇಷನ್ ಇಲ್ಲ ಅಂದ್ರೆ ಮಾರ್ಕ್ಸ್ ಕಟ್. ಹುಚ್ಚಾಟ ಅಂತ ನಾನೂ ಬೈದಿದೀನಿ. ಈಗ ಅರ್ಥ ಆಗ್ತಿದೆ. ಎಂಟ್ರಿ ಹಾಕಿದವನು ಕೆಲಸ ಬಿಟ್ಟು ಹೋಗ್ತಾನೆ, ಲೆಡ್ಜರ್ ಉಳಿಯುತ್ತೆ. ಐದು ವರ್ಷದ ನಂತರ ಆಡಿಟರ್ ಬಂದು ‘ಈ 40,000 ಯಾಕೆ ಹೋಯ್ತು’ ಅಂದಾಗ, ‘ಎಂಟ್ರಿ ನೋಡ್ಕೊಳ್ಳಿ, ಅದೇ ಡಾಕ್ಯುಮೆಂಟೇಷನ್’ ಅಂತ ಹೇಳಿ ನೋಡಿ 😄

(4/5)
ಕಮೆಂಟಿನಲ್ಲಿ ಬರೋದು ಗೊತ್ತು: ‘ಫ್ರೀಯಾಗಿ ಕೊಟ್ಟವರಿಗೆ ಬೈಯ್ತೀಯಾ?’ ಇಲ್ಲ. ರಾತ್ರಿ ನಿದ್ದೆಗೆಟ್ಟು ಕೋಡ್ ಬರೆದು ಹಂಚಿದವರ ಮೇಲೆ ನನಗೆ ಗೌರವ ಇದೆ. ಆ ಡ್ರೈವರ್ ಬರೆದವರಿಗೆ ಕಾಸೂ ಸಿಕ್ಕಿರಲ್ಲ. ಆದರೆ ಫ್ರೀ ಕೆಲಸ ಸರಿಯಾಗಿ ನಡೆಯೋ ಜಾಗಗಳೂ ಇವೆ. ಲಿನಕ್ಸ್ ಕರ್ನಲ್ ನೋಡಿ. ಇದೇ ಸೆನ್ಸರ್‌ಗೆ ಅಲ್ಲಿ ಡಬ್ಲ್ಯು1_ಥರ್ಮ್ ಅನ್ನೋ ಡ್ರೈವರ್ ಇದೆ. ಅದರ ಡಾಕ್ಯುಮೆಂಟೇಷನ್ ಪುಟದಲ್ಲಿ 85 ಅನ್ನೋದು ಪವರ್ ಬಂದಾಗಿನ ಸಂಖ್ಯೆ ಅಂತ ಬರೆದು, ಹಾಗೆ ಬಂದ್ರೆ ಎರರ್ ಅಂತ ಹೇಳೋಕೆ ಯಾವ ಸೆಟ್ಟಿಂಗ್ ಆನ್ ಮಾಡಬೇಕು ಅಂತಲೂ ಕೊಟ್ಟಿದ್ದಾರೆ. ನಾವು ಹುಡುಕಿದ್ದು ಆಮೇಲೆ, ಅದು ಬೇರೆ ಮಾತು. ಹೊಸ ಹಾರ್ಡ್‌ವೇರನ್ನ ಡಿವೈಸ್ ಟ್ರೀಯಲ್ಲಿ ಸೇರಿಸೋ ಡ್ರೈವರ್ ಕಳಿಸಿದ್ರೆ, ಅದರ ವಿವರಣೆಯ ಪ್ಯಾಚ್ ಕೋಡಿಗಿಂತ ಮುಂಚೆ ಬರಬೇಕು ಅನ್ನೋದು ಅಲ್ಲಿನ ರೂಢಿ. ಬರೆಯದೇ ಕಳಿಸಿದ್ರೆ ಚೆಕ್‌ಪ್ಯಾಚ್ ಅನ್ನೋ ಸ್ಕ್ರಿಪ್ಟೇ ವಾರ್ನಿಂಗ್ ಕೊಡುತ್ತೆ.

ಇನ್ನೊಂದು ವಿಷಯ. ಫ್ರೀ ಸಾಫ್ಟ್‌ವೇರ್ ಚಳವಳಿಯ ಕಥೆ ಶುರುವಾಗೋದೇ ಒಂದು ಪ್ರಿಂಟರಿನಿಂದ. 1980ರ ಆಸುಪಾಸು, ಎಂಐಟಿಯ ಎಐ ಲ್ಯಾಬಿಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಹಳೇ ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡ್ರೆ ಪ್ರಿಂಟ್‌ಗೆ ಕಾಯ್ತಿದ್ದವರಿಗೆ ಮೆಸೇಜ್ ಹೋಗೋ ಹಾಗೆ ರಿಚರ್ಡ್ ಸ್ಟಾಲ್‌ಮನ್ ಮಾಡಿಟ್ಟಿದ್ದರು. ಹೊಸದಕ್ಕೆ ಸೋರ್ಸ್ ಕೋಡ್ ಕೊಡಲಿಲ್ಲ. 1983ರಲ್ಲಿ ಅವರು ಜಿಎನ್‌ಯು ಯೋಜನೆ ಘೋಷಿಸಿದರು. ಮಷೀನಿನ ಒಳಗೆ ಏನು ನಡೀತಿದೆ ಅಂತ ಬಳಸೋನಿಗೆ ತಿಳೀಬೇಕು, ಜಗಳ ಇದ್ದದ್ದು ಇಷ್ಟಕ್ಕೇ. ಕೋಡ್ ತೆರೆದಿಟ್ಟು ಕಾರಣ ಮುಚ್ಚಿಟ್ಟರೆ ನಮ್ಮ ದೊಡ್ಡಪ್ಪನಂಥವರ ಪಾಲಿಗೆ ಬಾಗಿಲು ಇನ್ನೂ ಮುಚ್ಚೇ ಇದೆ.

(5/5)
ಈಗ ನಿಜವಾಗಿ ಬೈಗುಳ ಯಾರಿಗೆ ಅಂದ್ರೆ ಫೈನಲ್ ಇಯರ್ ಪ್ರಾಜೆಕ್ಟ್ ಮಾಡೋರಿಗೆ. ರೆಪೊ ತೆಗೆದು ನೋಡಿದೆ, ನಮ್ಮ ಪರಿಚಯದವರದ್ದೇ ಏಳೆಂಟು. ಟೀಮ್ ಫೋಟೋ ಇದೆ, ಗೈಡ್‌ಗೆ ಧನ್ಯವಾದ ಇದೆ. ಯಾವ ಪಿನ್‌ಗೆ ಯಾವ ವೈರು, ಯಾವ ರೆಸಿಸ್ಟರ್, ಪವರ್ ಹೋಗಿ ಬಂದ್ರೆ ಏನಾಗುತ್ತೆ, ಒಂದಕ್ಕೂ ಉತ್ತರ ಇಲ್ಲ. ರೆಸ್ಯೂಮೆಯಲ್ಲಿ ಮಾತ್ರ ‘ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್’. ಅಬ್ಬಾ!

ಬಿಕಾಂನವರೇ, ಈಗ ನಿಮ್ಮ ಪಾಳಿ. ಕೋಡ್ ಬರದಿದ್ರೂ ಪರವಾಗಿಲ್ಲ. ಬರೆದವರ ಪಕ್ಕ ಕೂತು ‘ಯಾಕೆ?’ ಅಂತ ಕೇಳಿ ಬರೆದಿಡೋಕೆ ನಾವು ಸಾಕು. ನಾನು ಹಾಗೇ ಮಾಡಿದೆ. ಆ ಡ್ರೈವರ್‌ಗೆ 11 ಸಾಲಿನ ವಿವರಣೆ ಬರೆದು ಕಳಿಸಿದೀನಿ, ಇನ್ನೂ ಸೇರಿಸಿಲ್ಲ. ಅದೇ ಕನ್ನಡದಲ್ಲೂ ಬರೆದಿಟ್ಟಿದೀನಿ. ಕರ್ನಲ್ ಡಾಕ್ಯುಮೆಂಟೇಷನ್‌ಗೆ ಚೈನೀಸ್, ಜಪಾನೀಸ್, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದ ಇವೆ, ಕನ್ನಡದ ಫೋಲ್ಡರ್ ನನಗೆ ಕಾಣಲಿಲ್ಲ. ಇಷ್ಟೊಂದು ಇಂಜಿನಿಯರ್‌ಗಳಿರೋ ರಾಜ್ಯ ನಮ್ಮದು.

ಡಬ್ಬ ಸರಿ ಮಾಡಿ ಒಯ್ದಿದ್ದೆ. ದೊಡ್ಡಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಥರ್ಮಾಮೀಟರ್ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದಿದ್ದಾರೆ, ಮುಂದಿನ ಬೆಳೆಗೆ ಎರಡೂ ಇರಲಿ, ನೋಡೋಣ ಅಂದ್ರು.

ನಿಮ್ಮ ಪ್ರಾಜೆಕ್ಟ್ ರೆಪೊ ಲಿಂಕ್ ಕಮೆಂಟ್‌ನಲ್ಲಿ ಹಾಕಿ. ಓದ್ತೀನಿ. ಅರ್ಥ ಆಗದಿದ್ದ ಕಡೆಯೆಲ್ಲ ಅಲ್ಲೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ 🙏